ಆರಿಸಿ ಕೊಟ್ಟ ಸೀಗಡಿ

ಕನಕಪುರ ತಾಲ್ಲೂಕು
೧೨-೩-೨೦೦೬

ಲತಾಮಣಿ ಮೇಡಂ ಅವರಿಗೆ ಚೆಲುವಯ್ಯನ ನಮಸ್ಕಾರ.

ಎರಡು ವರ್ಷದ ಹಿಂದೆ ನೀವು ಅರ್ಕಾವತಿಯ ಸೀಗಡಿ ಅಳೆದು ತೂಗಲು ಬರುತ್ತಿದ್ದಾಗ ಬಲೆ ಹಾಕಿ ಹಿಡಿದುಕೊಟ್ಟವನು ನಾನು. ನಿನ್ನೆ ಪಂಚಾಯ್ತಿ ಸಭೆಯಲ್ಲಿ ಹೊಳೆಯ ಮೇಲ್ಗಡೆ ಇರುವ ಕಾರ್ಖಾನೆಯವರು ನಿಮ್ಮ ವರದಿ ಓದಿದರು. ಇಲ್ಲಿನ ಸೀಗಡಿ ಉದ್ದಕ್ಕೆ ತಕ್ಕ ತೂಕ ಇದೆಯಂತೆ, ಚೆನ್ನಾಗಿ ಬೆಳೆಯುತ್ತಿದೆಯಂತೆ, ಆದ್ದರಿಂದ ಹೊಳೆಗೆ ಏನೂ ಆಗಿಲ್ಲವಂತೆ. ಅವರ ಕೊಳಕು ನೀರಿಗೆ ಇನ್ನೊಂದು ಪೈಪು ಹಾಕಲು ಸಭೆ ಒಪ್ಪಿಬಿಟ್ಟಿತು.

ತಪ್ಪು ನಮ್ಮದು. ಬಲೆಗೆ ಬಿದ್ದದ್ದನ್ನೆಲ್ಲ ಹಾಗೇ ತನ್ನಿ ಎಂದು ನೀವು ಹೇಳಿದ್ದಿರಿ. ನನ್ನ ಹೆಂಡತಿ ಅಂಕಮ್ಮ ಬಿಡಲಿಲ್ಲ. "ಮೇಡಮ್ಮೋರು ಅಷ್ಟು ದೂರದಿಂದ ಬತ್ತಾರೆ. ಸೊರಗೋಗಿರೋದ್ನ ಕೊಟ್ಟು ಮಾನ ಕಳೀಬ್ಯಾಡ, ದಪ್ಪಗಿರೋದ್ನೇ ಆರ್ಸಿ ಕೊಡು" ಅಂದಳು. ಬಂದವರಿಗೆ ಒಳ್ಳೆಯದನ್ನೇ ಕೊಡಬೇಕೆಂದು ನಾನೂ ಆರಿಸಿದೆ. ಮಾಂಸವಿಲ್ಲದೆ ಬರೀ ಸಿಪ್ಪೆಯಾಗಿದ್ದವನ್ನು ನಾವು ಸಾರು ಮಾಡಿಕೊಂಡೆವು.

ನೀವು ಓದಿದವರು. ತಿಂಗಳು ತಿಂಗಳೂ ಒಂದಾದರೂ ಬಡಕಲು ಸೀಗಡಿ ಬರಲಿಲ್ಲವಲ್ಲ, ಯಾಕೆ ಎಂದು ನೀವೂ ಕೇಳಲಿಲ್ಲ.

ಇನ್ನೊಮ್ಮೆ ಬಂದು ಅಳೆಯಿರಿ. ಕನಕಪುರದಿಂದ ಹತ್ತು ಗಂಟೆಯ ಬಸ್ಸು ಈಗಲೂ ಇದೆ. ತಡ ಮಾಡಬೇಡಿ, ಇವತ್ತು ಬಲೆಗೆ ಬಿದ್ದದ್ದು ನಾಲ್ಕೇ. ಊಟ ನಮ್ಮ ಮನೆಯಲ್ಲೇ ಮಾಡಬೇಕು. ಈ ಸಲ ನಾವು ತಿನ್ನುವುದನ್ನೇ ನಿಮಗೂ ಬಡಿಸುತ್ತೇವೆ.

ಇಂತಿ,
ಬಲೆಯ ಚೆಲುವಯ್ಯ