ಹದಿನಾಲ್ಕು ಸಾವಿರ ಓದು

ಬಾಗಲಕೋಟೆ
ತಾ. ೧೭-೧-೧೯೮೮, ರವಿವಾರ

ಚಿ. ಸೌ. ಗುರುಲಿಂಗವ್ವಳಿಗೆ ನಿನ್ನ ರಾಚಯ್ಯನ ಆಶೀರ್ವಾದಗಳು. (ಮೊಮ್ಮಗಳನ್ನು ಕಂಡ ಹೆಂಡತಿಗೆ ಆಶೀರ್ವಾದ ಬರೆಯಲು ನನಗೇ ನಗು ಬರುತ್ತದೆ.)

ನಾನು ಕ್ಷೇಮ. ನಿನ್ನ ಮೊಣಕಾಲು ಹೇಗಿದೆ? ಬಾಣಂತಿ ಮಗಳು ಸಿದ್ದಲಿಂಗವ್ವ ಸರಿಯಾಗಿ ಉಣ್ಣುತ್ತಾಳೋ, ತಾಯಿಯ ಹಾಗೆ ಎಲ್ಲರಿಗೂ ಬಡಿಸಿ ತಳ ಕೆರೆಯುತ್ತಾಳೋ? ಕೂಸಿನ ಕೆಮ್ಮು ಇಳಿಯಿತೇ? ಇಳಕಲ್ಲಿನ ಬೀಗಿತಿಯ ಅಡುಗೆಮನೆಯಲ್ಲಿ ನಿನ್ನ ಕಾರುಬಾರು ಸ್ವಲ್ಪ ಕಡಿಮೆಯಿರಲಿ. ಇಲ್ಲಿ ನಾನೇ ರೊಟ್ಟಿ ಬಡಿಯುತ್ತೇನೆ. ದುಂಡಗಾಗುವುದಿಲ್ಲ, ಆದರೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಮನೆ ಹಿನ್ನೀರಿನ ಪಟ್ಟಿಯಲ್ಲಿದೆಯೇ, ಅಡುಗೆಮನೆಯ ಗೋಡೆಗೆ ಗಾರೆ ಮೆತ್ತಿಸಿ ಗಿಲಾವು ಮಾಡಿಸಬೇಕೋ ಬೇಡವೋ ಎಂದು ಕೇಳಿದ್ದೀಯಲ್ಲ, ಅದಕ್ಕೆ ಕೊನೆಗೆ ಬರುತ್ತೇನೆ. ಮೊದಲು ಕಚೇರಿಯ ಫಜೀತಿ ಕೇಳು.

ಆಣೆಕಟ್ಟಿನ ಹಿನ್ನೀರಿಗೆ ಹೋಗುವ ಮನೆಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ತುಂಬುತ್ತಿದ್ದೇವೆ, ಈವರೆಗೆ ಎರಡು ಸಾವಿರದ ಎಂಟುನೂರು. ತುಂಬುವುದಷ್ಟೇ ನಮ್ಮ ಕೆಲಸ, ತೆಗೆದು ಓದುವುದಲ್ಲ. ಯಂತ್ರ ಒಳಗಿನ ಕೋಣೆಯಲ್ಲಿದೆ. ಹೊರಗೆ ಬರೀ ಎರಡು ಪರದೆ, ಒಂದು ನನ್ನದು, ಒಂದು ಜಾಫರಸಾಬನದು. ಬೆಳಿಗ್ಗೆ ಗುಟ್ಟಿನ ಪದ ಒತ್ತಿದರೆ ಪರದೆ ತೆರೆಯುತ್ತದಂತೆ. ಒತ್ತಿದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಎಷ್ಟು ಒತ್ತಿದೆನೆಂದು ನನಗೆ ನೆನಪಿರುವುದಿಲ್ಲ. ಹೀಗಾಗಿ ಜಾಫರಸಾಬನೇ "ತಡೀರಿ ಸ್ವಾಮ್ಯಾರ, ನಾ ತಗದ ಕೊಡ್ತೇನಿ" ಎಂದು ದಿನಾಲೂ ನನ್ನದನ್ನೂ ತನ್ನ ಹೆಸರಿನಲ್ಲೇ ತೆರೆದುಕೊಡುತ್ತಿದ್ದ.

ಹೋದ ಗುರುವಾರ, ಯಂತ್ರ ಯಾಕೆ ನಿಧಾನವಾಗಿದೆ ಎಂದು ನೋಡಲು ಹುಬ್ಬಳ್ಳಿಯಿಂದ ಇಂಜಿನಿಯರ್ ಹುಡುಗಿ ಬಂದಳು. ಎರಡು ಹಾಳೆ ತೆಗೆದಳು. ಒಂದರಲ್ಲಿ ಒಳಗೆ ಯಾರ ಹೆಸರಿನಲ್ಲಿ ಯಾವ ಕೆಲಸ ನಡೆದಿದೆ ಎಂದಿತ್ತು, ಇನ್ನೊಂದರಲ್ಲಿ ಯಾವ ಪಟ್ಟಿಯನ್ನು ಎಷ್ಟು ಓದಲಾಗಿದೆ ಎಂದು. ಮನೆಗಳ ಪಟ್ಟಿ, ದಿನಕ್ಕೆ ಹದಿನಾಲ್ಕು ಸಾವಿರ ಓದು, ಎಲ್ಲ ಜಾಫರಸಾಬನ ಹೆಸರಿನಲ್ಲಿ! ಸಾಹೇಬರು ಕೆಂಡವಾದರು. "ಅಷ್ಟ ಓದಾಕ ಅದೇನ ಪುರಾಣೇನ್ರಿ? ಪಟ್ಟಿ ಯಾರಿಗೆ ಮಾರಾಕತ್ತೀರಿ?" ಎಂದು ಅವನನ್ನು ಪರದೆಯ ಮುಂದಿನಿಂದ ಎಬ್ಬಿಸಿ, ವಿಚಾರಣೆ ಆಗುವವರೆಗೆ ಮನೆಯಲ್ಲಿರಿ ಎಂದರು. "ನಾ ಓದಿಲ್ರಿ" ಎಂದಷ್ಟೇ ಹೇಳಿ ಅವನು ಬುತ್ತಿಯನ್ನು ಬಿಚ್ಚದೆ ಎತ್ತಿಕೊಂಡು ಹೋದ. ನನಗೂ ಒಂದು ಗಳಿಗೆ ಅವನ ಮೇಲೆ ಸಂಶಯ ಬಂತು. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಮರುದಿನ ಹುಡುಗಿಯನ್ನೇ ಕೇಳಿದೆ, ಒಬ್ಬ ಮನುಷ್ಯ ದಿನಕ್ಕೆ ಅಷ್ಟು ಮನೆ ಓದುವುದು ಹೇಗೆ ಎಂದು. "ಮನಷ್ಯಾ ಅಲ್ರಿ ಕಾಕಾರ, ಯಂತ್ರ ಓದತೈತಿ. ನೀವು ಒಂದ ಮನಿ ಕೇಳಿದ್ರೂ ಅದು ಮೊದಲಿಂದ ಕಡೀತನಕ ಎಲ್ಲಾ ಮನಿ ಓದತೈತಿ" ಎಂದಳು. ನಡುವೆಯೇ ಸಿಕ್ಕಿದರೆ ಅಲ್ಲಿಗೇ ನಿಲ್ಲಬಾರದೇ? ಅದೇ ಹೆಸರಿನದು ಮುಂದೆ ಇನ್ನೊಂದು ಇದ್ದರೆ ಎಂದು ಹೋಗಿ ನೋಡಬೇಕಂತೆ. ಪರದೆಗೊಬ್ಬ ಆಳು ಒಳಗೆ ನಿಂತಿರುತ್ತಾನಂತೆ, ಮುಂದೆ ಯಾರು ಕೂತು ಕೇಳಿದರೂ ಪರದೆ ತೆರೆದವನ ಹೆಸರೇ ಅವನಿಗಂತೆ. ಇದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಸುಮ್ಮನೆ ಹಾಳೆಯ ಹಿಂಬದಿಗೆ ಹದಿನಾಲ್ಕು ಸಾವಿರವನ್ನು ಎರಡು ಸಾವಿರದ ಎಂಟುನೂರರಿಂದ ಭಾಗಿಸಿದೆ. ಐದು ಬಂತು. ಬೆರಳು ಮಡಿಸಿ ಎಣಿಸಿದೆ. ಬಂದೊಡನೆ, ಚಹಾಕ್ಕೆ ಮೊದಲು, ಊಟಕ್ಕೆ ಮೊದಲು, ಊಟವಾದ ಮೇಲೆ, ಮನೆಗೆ ಹೊರಡುವಾಗ, ದಿನಕ್ಕೆ ಐದು ಸಲ ಒಂದೇ ಮನೆ ಹುಡುಕುತ್ತಿದ್ದವನು ನಾನು.

ನಿನ್ನೆ ಸಾಹೇಬರ ಮುಂದೆ ನಿಂತು "ಓದಿದಾಂವ ನಾನ್ರಿ, ಜಾಫರಸಾಬ ಅಲ್ಲ" ಎಂದೆ. ಅವರು ನನಗೊಂದೇ ಪ್ರಶ್ನೆ ಕೇಳಿದರು. ಆಮೇಲೆ ತಾವೇ ಜಾಫರಸಾಬನನ್ನು ಕರೆಸಿ, ಹೆಗಲ ಮೇಲೆ ಕೈಯಿಟ್ಟು ಕುರ್ಚಿಗೆ ಕಳಿಸಿದರು. ಅವನು ನನ್ನನ್ನು ಮನಸಾರೆ ಬೈದ, ಆಮೇಲೆ ಗುಟ್ಟಿನ ಪದವನ್ನು ಬೆರಳೆಣಿಸಿ ಒತ್ತಲು ಕಲಿಸಿದ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ, ಬೀಗರಿಗೆ ಶರಣು ಹೇಳು.

ಇತಿ ನಿನ್ನ
ರಾಚಯ್ಯ

ತಾ. ಕ.: ಜಾಫರಸಾಬ ಇಳಕಲ್ಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಪತ್ರ ಅವನ ಕೈಯಲ್ಲೇ ಕಳಿಸುತ್ತೇನೆ. ಸಾಹೇಬರು ಕೇಳಿದ್ದು "ನಿಮ್ಮ ಮನಿ ಐತೇನ್ರಿ ಅದರಾಗ?" ಎಂದು. "ಐತ್ರಿ" ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಮ್ಮ ಓಣಿಯದು ಇನ್ನೂ ತುಂಬಿಲ್ಲ ಎಂದು ಹೋದ ಪತ್ರದಲ್ಲಿ ಬರೆದದ್ದು ಸುಳ್ಳು, ಗುರುಲಿಂಗವ್ವ. ಸಾವಿರದ ಇನ್ನೂರಾ ಏಳನೆಯದು ನಮ್ಮದು. ಮುಂದಿನ ಸಲ ನೋಡಿದಾಗ ಇರಲಿಕ್ಕಿಲ್ಲ ಎಂದುಕೊಂಡೇ ಪ್ರತಿ ಸಲ ನೋಡಿದೆ. ಗೌಂಡಿ ಕಾಶಪ್ಪನಿಗೆ ನಾಳೆ ಬಾ ಎಂದಿದ್ದೇನೆ. ಗಿಲಾವು ಆಗಲಿ, ಮೇಲೆ ಸುಣ್ಣವೂ ಆಗಲಿ. ಕೂಸು ಬಂದಾಗ ನಿನ್ನ ಅಡುಗೆಮನೆ ಬೆಳ್ಳಗಿರಬೇಕು.