ಸೇತುವೆಗೆ ಮೂರು ದಿನ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 9.10

ಮಾತುಕತೆಗೆ ಬಂದ ಹೊಳೆಯಾಚೆಯವರ ಕಾರುಗಳು ಇವತ್ತು ಗೇಟಿಗೆ ಮುಖಮಾಡಿ ನಿಂತಿವೆ, ಯಾವಾಗ ಬೇಕಾದರೂ ಹೊರಡುವಂತೆ. ಇಷ್ಟು ದಿನ ಗೋಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದರು. ಬೇರೆ ಯಾರೂ ಗಮನಿಸಿದಂತಿಲ್ಲ. ನಾನೂ ಹೇಳಲಿಲ್ಲ — ನನ್ನ ಕೆಲಸ ಹೇಳುವುದಲ್ಲ, ಬರೆಯುವುದು.

ಮಾತುಕತೆಗೆ ಇದು ಮೂವತ್ತೆಂಟನೆಯ ದಿನ. ಜಗಳಕ್ಕೆ ನನ್ನಜ್ಜನ ವಯಸ್ಸು.

ಸಂಜೆ

ಮೂರಕ್ಕೆ ಎಂದಿನಂತೆ ತಾಳೆ ನೋಡಿದೆವು. ನಮ್ಮ ಕಡೆ ಸಭೆಯ ಟಿಪ್ಪಣಿ ಬರೆಯುವವಳು ನಾನು, ಅವರ ಕಡೆ ಒಬ್ಬ ನಿವೃತ್ತ ಮೇಷ್ಟ್ರು. ಎದುರುಬದುರು ಕೂತು ಹಿಂದಿನ ದಿನದ ಸಾಲುಗಳನ್ನು ಓದುತ್ತೇವೆ. ಎರಡೂ ಪ್ರತಿಯಲ್ಲಿದ್ದರೆ ಆ ಮಾತು ಉಳಿಯುತ್ತದೆ. ಒಂದರಲ್ಲೇ ಇದ್ದರೆ ಹೊಡೆದುಹಾಕುತ್ತೇವೆ. ಇಬ್ಬರ ಸಹಿ ಬಿದ್ದದ್ದನ್ನು ಆರು ಗಂಟೆಗೆ ಎರಡೂ ಕಡೆಯ ರೇಡಿಯೋದಲ್ಲಿ ಓದುತ್ತಾರೆ. ಆಮೇಲೆ ಎಂಥ ದೊಡ್ಡವರೂ ತಿದ್ದುವಂತಿಲ್ಲ.

ಇವತ್ತು ಉಳಿದದ್ದು ಎರಡೇ. ಸಭೆ ಸೇರಿತು. ಸಭೆ ಮುಗಿಯಿತು. ಎಂ.ಎ.ಯಲ್ಲಿ ಕಾವ್ಯ ಓದಿದವಳ ಪಾಲಿಗೆ ಬಂದ ಸಾಹಿತ್ಯ!

“ಇದಕ್ಕೆ ನಾವಿಬ್ಬರು ಬೇಕಿತ್ತೇನಮ್ಮಾ? ಗಂಟೆ ಹೊಡೆಯೋ ಜವಾನ ಸಾಕಿತ್ತು” ಎಂದರು ಮೇಷ್ಟ್ರು.

ಮಾರ್ಚ್ 5

ಅಕ್ಕನ ಫೋನು. ಭಾವ ಆ ಕಡೆಯ ಜನ, ಮನೆ ಹೊಳೆಯಾಚೆ; ನಡುವಿನ ಸೇತುವೆ ಜನರಿಗೆ ಮುಚ್ಚಿದೆ. ಮಗುವಿಗೆ ನಲವತ್ತು ದಿನ.

“ಸೇತುವೆ ಬಿಡ್ತಾರೇನೇ? ಬಿಟ್ರೆ ಮೂವರೂ ಬಂದ್ಬಿಡ್ತೀವಿ. ನಿನ್ನೆ ಹಿಂದಿನ ಬೀದಿಗೆ ಬಾಂಬು ಬಿತ್ತು.”

“ಆಫೀಸಿಂದು ಹೇಳೋ ಹಾಗಿಲ್ಲ ಅಕ್ಕಾ.”

“ನಿನ್ನ ಬಾಯಿಗೆ ಬೀಗ ಹಾಕೇ ಹುಟ್ಟಿಸಿದಾರೆ ಕಣೆ!” ನಕ್ಕಳು. ಆ ನಗು ಎಂದಿನದಲ್ಲ.

ಅಮ್ಮ ಫೋನು ಕಿತ್ತುಕೊಂಡು ಮಗು ಅಳುವುದನ್ನು ಕೇಳಿಸಿಕೊಂಡಳು. “ಅಳು ಜೋರಾಗಿದೆ, ಸದ್ಯ” ಎಂದಳು.

ಮಾರ್ಚ್ 11, ಮಂಗಳವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ... ಸುಳ್ಳು. ಅಕ್ಕನಿಗೆ ಫೋನು ಹೋಗುತ್ತಿಲ್ಲ. ಅದನ್ನು ಬರೆಯಲು ಮನಸ್ಸಾಗಲಿಲ್ಲ. ಸಭಾಂಗಣದ ಗಾಜುಗಳಿಗೆಲ್ಲ ಟೇಪು ಅಂಟಿಸಿದ್ದಾರೆ.

ಇವತ್ತು ಅವರ ಮುಖ್ಯಸ್ಥರು ಎದ್ದು ನಿಂತು ಹೇಳಿದರು — ಗುರುವಾರದಿಂದ ಮೂರು ದಿನ ಸೇತುವೆ ಬಿಡೋಣ, ಯಾರೂ ಗುಂಡು ಹಾರಿಸುವುದು ಬೇಡ, ದಾಟಬೇಕಾದವರು ದಾಟಲಿ. ನಮ್ಮ ಮುಖ್ಯಸ್ಥರು ಮುಂದಿದ್ದ ಕಾಗದಗಳನ್ನು ಜೋಡಿಸಿಟ್ಟರು. ಆಮೇಲೆ, “ಆಗಲಿ.”

ನನ್ನ ಪ್ರತಿಯಲ್ಲಿ ಅದು ಹನ್ನೊಂದನೆಯ ಸಾಲು, ಇವತ್ತಿನ ಕೊನೆಯದು.

ಐದು ಗಂಟೆಗೆ ನಮ್ಮ ಕಡೆಯ ಕಾರ್ಯದರ್ಶಿ ಕರೆಸಿದರು.

“ಹನ್ನೊಂದನೇ ಸಾಲು ನಿನ್ನ ಪ್ರತೀಲಿ ಬೇಡ.”

“ಸರ್, ನಮ್ಮ ಮುಖ್ಯಸ್ಥರೇ ಆಗಲಿ ಅಂದ್ರಲ್ಲ...”

“ಹಾಗೆ ಅಂದೇ ಇಲ್ಲ ಅಂತಿದಾರೆ ಈಗ. ಶುಕ್ರವಾರ ಸೇತುವೆ ಬೇರೆ ಕೆಲಸಕ್ಕೆ ಬೇಕು.”

ಯಾವ ಕೆಲಸ ಎಂದು ಕೇಳಲಿಲ್ಲ. ಅವರ ಕಿಟಕಿಯಿಂದ ರಸ್ತೆ ಕಾಣುತ್ತದೆ. ಟಾರ್ಪಾಲು ಹೊದ್ದ ಸೈನ್ಯದ ಲಾರಿಗಳು, ಒಂದರ ಹಿಂದೊಂದು, ಹೊಳೆಯ ದಿಕ್ಕಿಗೆ. ಹದಿನಾಲ್ಕರವರೆಗೆ ಎಣಿಸಿದೆ.

“ಇಪ್ಪತ್ತು ಜನ ಇಂಟರ್‌ವ್ಯೂಗೆ ಬಂದಿದ್ರು. ನಿನ್ನನ್ನೇ ಯಾಕೆ ತಗೊಂಡೆ ಗೊತ್ತಾ? ಎದುರಾಡಲ್ಲ ನೀನು.”

ತಲೆಯಾಡಿಸಿದೆ. ತಾನಾಗಿಯೇ ಆಡುತ್ತದೆ ಹಾಳು ತಲೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 2.40

ಬೆಳಗ್ಗೆ ಅಮ್ಮ ಅಕ್ಕನ ಕೋಣೆ ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿದಳು. ನಾನೇನೂ ಬಾಯಿಬಿಟ್ಟಿರಲಿಲ್ಲ. “ಕೂಸು ಬರೋ ಮನೆ, ಧೂಳಿರಬಾರದು” ಎಂದಳು, ನನ್ನ ಮುಖ ನೋಡದೆ.

ಹನ್ನೊಂದನೆಯ ಸಾಲು ಉಳಿಸಿಕೊಂಡು ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಬರೀ ಕೆಲಸ ಹೋದರೆ ಪುಣ್ಯ. ನೇಮಕವಾದ ದಿನ ಕೊಟ್ಟ ಕಾಗದದಲ್ಲಿ ಆಜ್ಞೆ ಮೀರಿದರೆ ಏಳು ವರ್ಷ ಜೈಲು ಎಂದಿತ್ತು. ಅವತ್ತು ಅದನ್ನು ಓದದೆಯೇ ಸಹಿ ಹಾಕಿದ್ದೆ.

ಮೇಷ್ಟ್ರು ಆಗಲೇ ಬಂದು ಕೂತಿದ್ದಾರೆ. ಇವತ್ತು ತಮಾಷೆಯಿಲ್ಲ. “ನಿನ್ನ ಪ್ರತೀಲಿ ಎಷ್ಟು ಸಾಲಮ್ಮಾ?” ಎಂದವರು ಉತ್ತರಕ್ಕೆ ಕಾಯದೆ ಕನ್ನಡಕ ಒರೆಸತೊಡಗಿದರು. ಒರೆಸುತ್ತಲೇ ಇದ್ದಾರೆ.

ಶುದ್ಧಪ್ರತಿ ನನ್ನ ಮುಂದಿದೆ. ಹನ್ನೊಂದೂ ಇವೆ. ಮೂರು ಹೊಡೆದ ಕೂಡಲೇ ಕೊನೆಯದನ್ನೇ ಮೊದಲು ಓದುತ್ತೇನೆ, ಎಲ್ಲರಿಗೂ ಕೇಳುವಂತೆ. ಸಹಿ ಹಾಕುತ್ತೇನೆ. ಆರು ಗಂಟೆಗೆ ರೇಡಿಯೋದಲ್ಲಿ ಓದುವುದರೊಳಗೆ ಯಾರಾದರೂ ಬಂದು ಆ ಸಾಲು ತೆಗೆ ಎಂದರೆ, ಈ ಸಲ ತಲೆಯಾಡಿಸುವುದಿಲ್ಲ.