ಹಿಗ್ಗಿದ ಗಾಜು

ಹರಪನಹಳ್ಳಿ
೧೮ ಫೆಬ್ರವರಿ ೨೦೦೩

ಪ್ರೀತಿಯ ಸುಮಂಗಲಾ,

ಹೇಗಿದ್ದೀಯೇ? ಇಲ್ಲಿ ನಾವೆಲ್ಲ ಕ್ಷೇಮ. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಹಿಂದಿನ ಎರಡು ಕಾಗದಕ್ಕೂ ನಿನ್ನ ಉತ್ತರವಿಲ್ಲ, ಇನ್ನು ಬರೆಯಬಾರದೆಂದು ಹಠ ಹಿಡಿದಿದ್ದೆ. ಹಠದಲ್ಲಿ ನಿನ್ನನ್ನು ಗೆದ್ದವರುಂಟೇ? ಸೋತು ಕೂತಿದ್ದೇನೆ. ನೀನಿರುವ ಹಡಗಲಿಯೇನು ಏಳು ಸಮುದ್ರದಾಚೆ ಇದೆಯೇ? ಟೀಚರಮ್ಮ ಆದಮೇಲೆ ಬಸ್ಸು ಹತ್ತುವುದೇ ಮರೆತಿರಬೇಕು ನಿನಗೆ.

ನಮ್ಮ ಗಾಜಿನ ಹೊಳೆ ಕೊನೆಗೂ ಹೊಸ ಆಸ್ಪತ್ರೆಯಲ್ಲಿ ತೂಗುತ್ತಿದೆ. ಹಂಪಸಾಗರದ ಹೊಳೆದಂಡೆಯಲ್ಲಿ ಕೂತು ನೀನು ಬರೆದ ಚಿತ್ರದಂತೆಯೇ, ಚಾವಣಿಯಿಂದ ಮೆಟ್ಟಿಲವರೆಗೆ ನೀಲಿ ಅಲೆಗಳು. ಮೊದಲ ದಿನ ಬಿಸಿಲಿಗೆ ಮೆಟ್ಟಿಲ ಮೇಲೆಲ್ಲ ನೀಲಿ ಬೆಳಕು ಬಿತ್ತು. ಕಸ ಗುಡಿಸುವ ಎರ್ರಮ್ಮ ಸೀರೆ ಎತ್ತಿ ಹಿಡಿದು, “ಯಾರ್ರೀ ನೀರು ಚೆಲ್ಯಾರ? ಈಗರ ಒರಸೀನಿ!” ಎಂದು ಕೂಗಾಡಿದಳು. ನಕ್ಕು ನಕ್ಕು ಸಾಕಾಯಿತು. ನಗುತ್ತಲೇ ಪಕ್ಕಕ್ಕೆ ತಿರುಗಿದೆ, ನೀನಿರಲಿಲ್ಲ.

ಕೆಲಸವೇನೂ ಸಲೀಸಾಗಿ ಮುಗಿಯಲಿಲ್ಲ. ನಡುವಿನ ದೊಡ್ಡ ಅಲೆ ಭಟ್ಟಿಯೊಳಗಿದ್ದಾಗಲೇ ಕರೆಂಟು ಹೋಯಿತು. ನಿಧಾನ ಆರಬೇಕಾದ ಗಾಜು ಬೇಗ ಆರಿ ಎರಡು ಹೋಳಾಯಿತು. ಒಡೆಯಿತು ಎಂದು ನಾನು ಬಾಯಿಬಿಟ್ಟದ್ದೇ ತಡ, ಅಮ್ಮಿ ಗದರಿದಳು: “ಬಳಿಗಾರರ ಮನ್ಯಾಗ ಹುಟ್ಟಿ ಎಂಥ ಮಾತು ಆಡ್ತಿ? ಹಿಗ್ಗಿತು ಅನ್ನು.” ಬಳೆ ಒಡೆದಾಗ ಅಪಶಕುನವಾಗದಿರಲೆಂದು ಹೇಳುವ ಈ ಮಾತನ್ನು ನಮ್ಮ ಭಟ್ಟಿಗೂ ತಂದವಳು ನೀನೇ ಅಲ್ಲವೇ? ಗಾಜು ಸೀಳಿದಾಗಲೆಲ್ಲ, “ಹಿಂಗ ಹಿಗ್ಗಿದ್ರ ನಾವು ದಿವಾಳಿ ಆಗ್ತೀವಿ ಬಿಡು” ಎನ್ನುತ್ತಿದ್ದೆ ನೀನು. ಎರಡು ಹೋಳನ್ನೂ ಒತ್ತಿಟ್ಟು ಮತ್ತೆ ಕಾಸಿದೆ. ಕೂಡಿಕೊಂಡವು, ಸಣ್ಣದೊಂದು ಗೆರೆ ಉಳಿದಿದೆ.

ನಾವಿಬ್ಬರೂ ಸೇರಿ ಹಾಕಿದ ಈ ಕಾರ್ಖಾನೆಯಲ್ಲಿ ಈಗ ಗಾಜು ಎತ್ತಿ ಹಿಡಿಯುವವಳೂ ನಾನೇ, ದೂರ ನಿಂತು ಬಣ್ಣ ನೋಡುವವಳೂ ನಾನೇ. ಒಬ್ಬಳ ಕೈಲಿ ಆಗುವ ಕೆಲಸವಲ್ಲ ಇದು. ಸಂಬಳದ ಕೆಲಸ ಬಿಡು ಎನ್ನುವುದಿಲ್ಲ. ಒಂದು ಭಾನುವಾರ ಬಾ, ಸಾಕು. ನಿನ್ನನ್ನು ನೋಡದೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.

ಅಮ್ಮಿ ನಿನಗೆ ದುವಾ ಹೇಳಿದ್ದಾಳೆ: “ಕೈ ತುಂಬ ಬಳಿ ಇಟ್ಕೊಂಡು ತಣ್ಣಗಿರಲಿ.” ನನ್ನ ಹಾರೈಕೆಯೂ ಅದೇ.

ನಿನ್ನ
ಅಸ್ಫಿಯಾ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಹೋದ ಭಾನುವಾರ ಆಸ್ಪತ್ರೆಯಲ್ಲಿ ತಂತಿ ಬಿಗಿ ಮಾಡಲು ಹೋಗಿದ್ದ ತಮ್ಮ ಬಾಷಾ ಬಂದು ಹೇಳಿದ: “ಸುಮಕ್ಕ ಬಂದಿದ್ಲು. ಹೊಳಿ ಕೆಳಗ ಬಾಳ ಹೊತ್ತು ನಿಂತಿದ್ಲು. ಹೋಗೂವಾಗ ಎರ್ರಮ್ಮನಂಗ ಸೀರಿ ಎತ್ತಿ ಹಿಡ್ಕೊಂಡು ಮೆಟ್ಲ ಇಳಿದ್ಲು. ನಾ ಕರಿಯೂದ್ರಾಗ ಬಸ್‌ ಸ್ಟ್ಯಾಂಡ್ ಕಡಿ ಹೋಗೇಬಿಟ್ಲು.” ಆಸ್ಪತ್ರೆಯ ಹಿಂದಿನ ಗೋಡೆಗೇ ಅಂಟಿದೆ ನಮ್ಮ ಕಾರ್ಖಾನೆ. ಬಾಗಿಲು ತೆರೆದಿತ್ತು, ನಾನು ಒಳಗೇ ಇದ್ದೆ. ಹೊಳೆ ನೋಡಲು ಬಂದವಳು ನನ್ನನ್ನು ನೋಡದೆ ಹೋದೆಯಲ್ಲ ಸುಮಿ, ನಮ್ಮ ಸ್ನೇಹವೂ ಹಿಗ್ಗಿತೇನೇ?